ಸರ್ಪಗಂಧಿ: ಒಂದು ಬೇರು ಪರೀಕ್ಷೆಗೆ ಕೂತ ಕಥೆ

ಲಿಂಗಸುಗೂರಿಗೆ ಹತ್ತಿರದ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರಿದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಆ ಶಾಸನವನ್ನು ಕಂಡ ಮೇಲೆ, ‘ದೇವಾನಾಂಪ್ರಿಯ’ ಅಂದರೆ ಅಶೋಕನೇ ಎಂಬುದು ಇತಿಹಾಸಕಾರರಿಗೆ ಖಚಿತವಾಯಿತು. ಇದು ನಮ್ಮ ಕಡೆಯ ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಅಷ್ಟಾಗಿ ನೆನಪಿಗೆ ಬಾರದ್ದು ಅದೇ ಅರಸನ ಇನ್ನೊಂದು ಶಾಸನ. ಅದು ಮಸ್ಕಿಯಲ್ಲಿಲ್ಲ, ಗಿರ್ನಾರ್ ಮೊದಲಾದ ಕಡೆ ಇರುವ ಎರಡನೆಯ ಬಂಡೆಶಾಸನ. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿಸಿದ್ದಾಗಿ, ಔಷಧಿಯ ಗಿಡ, ಬೇರು, ಹಣ್ಣುಗಳು ಎಲ್ಲೆಲ್ಲಿ ಇರಲಿಲ್ಲವೋ ಅಲ್ಲಿಗೆ ತರಿಸಿ ನೆಡಿಸಿದ್ದಾಗಿ ಅದರಲ್ಲಿ ಅಶೋಕ ಹೇಳಿಕೊಂಡಿದ್ದಾನೆ.

ಬೇರನ್ನು ತರಿಸಿ ನೆಡಿಸುವುದು ಅರಸನ ಕೈಯಲ್ಲಿ ಆಗುವ ಕೆಲಸ. ಆ ಬೇರು ನಿಜಕ್ಕೂ ರೋಗ ಇಳಿಸುತ್ತದೆಯೋ ಇಲ್ಲವೋ ಎಂದು ತಿಳಿಯುವ ಕೆಲಸ ಮಾತ್ರ ಇನ್ನೂ ಎರಡು ಸಾವಿರ ವರ್ಷ ಕಾಯಬೇಕಾಯಿತು. ಆ ಕಾಯುವಿಕೆ ಹೇಗೆ ಮುಗಿಯಿತು ಎಂಬುದನ್ನು ನೋಡಲು ರಕ್ತದೊತ್ತಡದಷ್ಟು ಒಳ್ಳೆಯ ಉದಾಹರಣೆ ಮತ್ತೊಂದಿಲ್ಲ. ಇವತ್ತು ಸಿಂಧನೂರು, ಲಿಂಗಸುಗೂರು, ಮಸ್ಕಿಯ ಯಾವ ಓಣಿಗೆ ಹೋದರೂ “ನನಗ ಬಿ.ಪಿ. ಐತ್ರಿ” ಎನ್ನುವವರು ಸಿಗುತ್ತಾರೆ. ಅವರಿಗೆ ಒಂದು ಬೇರಿನ ಹೆಸರೋ ಒಂದು ಸೊಪ್ಪಿನ ಹೆಸರೋ ಹೇಳುವವರೂ ಸಿಗುತ್ತಾರೆ. ಆ ಮಾತಿನಲ್ಲಿ ಎಷ್ಟು ಹುರುಳಿದೆ ಎಂದು ಅಳೆಯುವ ದಾರಿಯೊಂದು ನಮ್ಮ ದೇಶದಲ್ಲೇ, ನಮ್ಮದೇ ಒಂದು ಬೇರಿನ ಮೇಲೆ ತಯಾರಾಯಿತು. ಆ ಬೇರು ಸರ್ಪಗಂಧಿ.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ರಕ್ತದೊತ್ತಡ ಎಂಬ ಕಾಯಿಲೆ ಹಳೆಯದೇ ಇರಬಹುದು, ಅದರ ಅರಿವು ಮಾತ್ರ ತೀರ ಹೊಸದು. 1733ರಲ್ಲಿ ಸ್ಟೀಫನ್ ಹೇಲ್ಸ್ ಎಂಬ ಇಂಗ್ಲೆಂಡಿನ ಪಾದ್ರಿ ಕುದುರೆಯೊಂದರ ರಕ್ತನಾಳಕ್ಕೆ ಗಾಜಿನ ಕೊಳವೆ ಜೋಡಿಸಿ, ರಕ್ತ 8 ಅಡಿಗಿಂತ ಎತ್ತರಕ್ಕೆ ಏರಿದ್ದನ್ನು ದಾಖಲಿಸಿದ. ಅದು ಕುತೂಹಲದ ಪ್ರಯೋಗವಾಗಿತ್ತೇ ಹೊರತು ರೋಗಿಯ ಮೇಲೆ ಮಾಡುವಂಥದ್ದಾಗಿರಲಿಲ್ಲ. 1896ರಲ್ಲಿ ಇಟಲಿಯ ರಿವಾ-ರೊಚ್ಚಿ ತೋಳಿಗೆ ಕಟ್ಟುವ ಪಟ್ಟಿಯನ್ನು ಬಳಕೆಗೆ ತಂದ. 1905ರಲ್ಲಿ ರಷ್ಯಾದ ಕೊರೊಟ್ಕಾಫ್, ಪಟ್ಟಿಯ ಕೆಳಗೆ ಸ್ಟೆತಾಸ್ಕೋಪ್ ಇಟ್ಟು ಸದ್ದು ಆಲಿಸಿ ಮೇಲಿನ ಅಂಕಿ, ಕೆಳಗಿನ ಅಂಕಿ ಎರಡನ್ನೂ ಓದುವುದನ್ನು ತೋರಿಸಿಕೊಟ್ಟ. ನಮ್ಮ ನರ್ಸಮ್ಮನವರು ಇಂದಿಗೂ ಮಾಡುವುದು ಅದನ್ನೇ.

ಆದ್ದರಿಂದ “ನಮ್ಮ ಹಿರಿಯರಿಗೆ ಬಿ.ಪಿ.ಗೆ ಔಷಧಿ ಗೊತ್ತಿತ್ತು” ಎಂಬ ಮಾತನ್ನು ಹಾಗೇ ಒಪ್ಪಲು ಬರುವುದಿಲ್ಲ. ಏರಿದ ರಕ್ತದೊತ್ತಡ ಎಷ್ಟೋ ವರ್ಷ ಯಾವ ನೋವೂ ಕೊಡದೆ ಒಳಗೇ ಕೂತಿರುತ್ತದೆ. ನಾಡಿ ಹಿಡಿದು ನೋಡುವ ವೈದ್ಯನಿಗೆ ನಾಡಿ ಬಿಗಿಯಾಗಿದೆ ಎಂದು ಅನಿಸಬಹುದು, ಅಂಕಿ ಸಿಗುವುದಿಲ್ಲ. ಅಂಕಿ ಇಲ್ಲದ ಕಡೆ ‘ಇಳಿಯಿತು’ ಎಂದು ಹೇಳುವುದಾದರೂ ಹೇಗೆ? ಹಿರಿಯರಿಗೆ ಗೊತ್ತಿದ್ದುದು ಬೇರೆ. ಈ ಬೇರು ತಿಂದರೆ ಮನುಷ್ಯ ತಣ್ಣಗಾಗುತ್ತಾನೆ, ನಿದ್ದೆ ಬರುತ್ತದೆ, ರೇಗಾಟ ನಿಲ್ಲುತ್ತದೆ ಎಂಬುದು ಅವರ ಕಣ್ಣಿಗೆ ಕಂಡ ಸತ್ಯ. ಬಿಹಾರದ ಕಡೆ ಜನ ಇದನ್ನು ‘ಪಾಗಲ್ ಕೀ ದವಾ’, ಅಂದರೆ ಹುಚ್ಚಿನ ಔಷಧಿ ಎಂದು ಕರೆಯುತ್ತಿದ್ದರು. ಹಾವಿನ ಕಡಿತಕ್ಕೂ ಜ್ವರಕ್ಕೂ ಇದನ್ನು ಕೊಡುತ್ತಿದ್ದರು. ಯುನಾನಿ ಹಕೀಮರು ಇದಕ್ಕೆ ‘ಅಸ್ರೋಲ್’ ಎನ್ನುತ್ತಾರೆ. ಕನ್ನಡದಲ್ಲಿ ಸರ್ಪಗಂಧಿಯ ಜೊತೆಗೆ ಸೂತ್ರನಾಭಿ ಎಂಬ ಹೆಸರೂ ಇದೆ.

ಇದರ ಸಸ್ಯಶಾಸ್ತ್ರೀಯ ಹೆಸರಿನಲ್ಲೇ ಒಂದು ವಿನೋದವಿದೆ. ರೌವೊಲ್ಫಿಯಾ ಎಂಬ ಹೆಸರನ್ನು 1703ರಲ್ಲಿ ಫ್ರಾನ್ಸಿನ ಪ್ಲೂಮಿಯೆ ಕೊಟ್ಟದ್ದು, ಲಿಯೊನ್‌ಹಾರ್ಟ್ ರೌವೊಲ್ಫ್ ಎಂಬ ಜರ್ಮನ್ ವೈದ್ಯನ ನೆನಪಿಗೆ. ಆತ ಹದಿನಾರನೆಯ ಶತಮಾನದಲ್ಲಿ ಗಿಡಮೂಲಿಕೆ ಹುಡುಕುತ್ತ ಬಾಗ್ದಾದಿನವರೆಗೆ ಬಂದಿದ್ದ, ಭಾರತಕ್ಕೆ ಬಂದಿರಲಿಲ್ಲ. ಶತಮಾನಗಳಿಂದ ಈ ಬೇರನ್ನು ಅಗೆದು, ಒಣಗಿಸಿ, ಅರೆದು ಕೊಟ್ಟವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಬೇರನ್ನು ನೋಡಿರದವನ ಹೆಸರು ಅದಕ್ಕೆ ಅಂಟಿಕೊಂಡಿತು.

ನಿಜವಾದ ಪರೀಕ್ಷೆ ಶುರುವಾದದ್ದು 1931ರಲ್ಲಿ, ಒಂದೇ ವರ್ಷ ಎರಡು ಊರುಗಳಲ್ಲಿ. ಒಂದು ದೆಹಲಿ, ಇನ್ನೊಂದು ಕಲ್ಕತ್ತ.

ದೆಹಲಿಯ ಆಯುರ್ವೇದ ಮತ್ತು ಯುನಾನಿ ತಿಬ್ಬಿಯಾ ಕಾಲೇಜನ್ನು ಕಟ್ಟಿದವರು ಹಕೀಮ್ ಅಜ್ಮಲ್ ಖಾನ್. ಪರಂಪರೆಯ ಔಷಧಿಗಳನ್ನು ರಸಾಯನಶಾಸ್ತ್ರದ ಒರೆಗೆ ಹಚ್ಚಬೇಕು ಎಂಬುದು ಅವರ ಆಸೆಯಾಗಿತ್ತು. 1927ರಲ್ಲಿ ಅವರು ತೀರಿಕೊಂಡರು. ಅವರು ಕರೆತಂದಿದ್ದ ಯುವ ರಸಾಯನಶಾಸ್ತ್ರಜ್ಞ ಸಲೀಮುಜ್ಜಮಾನ್ ಸಿದ್ದೀಕಿ, ರಫತ್ ಹುಸೇನ್ ಸಿದ್ದೀಕಿಯವರ ಜೊತೆಗೂಡಿ ಸರ್ಪಗಂಧಿಯ ಬೇರಿನಿಂದ ಹಲವು ಕ್ಷಾರಸತ್ವಗಳನ್ನು ಬೇರ್ಪಡಿಸಿದರು. ಅವುಗಳಲ್ಲೊಂದಕ್ಕೆ ‘ಅಜ್ಮಲೀನ್’ ಎಂದು ಗುರುವಿನ ಹೆಸರಿಟ್ಟರು. ಅದು ಮುಂದೆ ಎದೆಬಡಿತದ ಲಯ ತಪ್ಪಿದಾಗ ಬಳಸುವ ಔಷಧಿಯಾಯಿತು. ಆಗ ಲಿಂಗಸುಗೂರು ಇದ್ದದ್ದು ನಿಜಾಮರ ಸೀಮೆಯಲ್ಲಿ, ಹಕೀಮರ ಯುನಾನಿ ಪದ್ಧತಿಗೆ ಅರಸರ ಆಸರೆ ಇದ್ದ ನಾಡಿನಲ್ಲಿ. ಹಕೀಮನೊಬ್ಬನ ಹೆಸರು ಜಗತ್ತಿನ ರಸಾಯನಶಾಸ್ತ್ರದ ಪುಸ್ತಕಗಳಲ್ಲಿ ಶಾಶ್ವತವಾಗಿ ನಿಂತಿರುವುದನ್ನು ನಮ್ಮ ಕಡೆಯ ವಿದ್ಯಾರ್ಥಿಗಳು ಅವಶ್ಯ ನೆನಪಿಡಬೇಕು.

ಕಲ್ಕತ್ತದಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಬೇರಿನ ಪುಡಿಯನ್ನು ನೇರವಾಗಿ ರೋಗಿಗಳಿಗೆ ಕೊಟ್ಟು ನೋಡಿದರು. ಗಣನಾಥ ಸೇನ್ ಕವಿರಾಜರು, ಅಂದರೆ ಆಯುರ್ವೇದದ ಪಂಡಿತರು. ಅವರು ಕಲ್ಕತ್ತ ಮೆಡಿಕಲ್ ಕಾಲೇಜಿನಲ್ಲೂ ಓದಿದ್ದರು. ಎರಡೂ ಕಣ್ಣು ತೆರೆದಿದ್ದ ಅಂಥವರಿಗೇ ಆ ಪ್ರಶ್ನೆ ಹೊಳೆಯಬೇಕಿತ್ತು: ಹುಚ್ಚನ್ನು ತಣಿಸುವ ಈ ಪುಡಿ, ತೋಳಿನ ಪಟ್ಟಿ ತೋರಿಸುವ ಅಂಕಿಯನ್ನು ಏನು ಮಾಡುತ್ತದೆ? ಅಂಕಿ ಇಳಿಯಿತು. 1931ರ ಅವರ ಲೇಖನ ಈ ಬೇರನ್ನು ಹುಚ್ಚಿಗೂ ಏರಿದ ರಕ್ತದೊತ್ತಡಕ್ಕೂ ಭಾರತದ ಹೊಸ ಔಷಧಿ ಎಂದು ಕರೆಯಿತು. ‘ಹೊಸ’ ಎಂಬ ಆ ಮಾತು ಸರಿಯಾಗಿಯೇ ಇತ್ತು. ಬೇರು ಹಳೆಯದು, ಉಪಯೋಗ ಹೊಸದು. ಎರಡು ವರ್ಷದ ನಂತರ ಕಲ್ಕತ್ತದ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನಲ್ಲಿ ರಾಮನಾಥ ಚೋಪ್ರಾ ಮತ್ತು ಅವರ ಸಂಗಡಿಗರು ಪ್ರಾಣಿಗಳ ಮೇಲೆ ಇದನ್ನು ಪರೀಕ್ಷಿಸಿದರು. 1934ರಲ್ಲಿ ಡೆಹ್ರಾಡೂನಿನ ಹಿಮಾಲಯ ಡ್ರಗ್ ಕಂಪನಿ ‘ಸರ್ಪಿನಾ’ ಎಂಬ ಮಾತ್ರೆಯನ್ನು ಮಾರಾಟಕ್ಕೆ ತಂದಿತು. ಮುಂದೆ 1975ರಲ್ಲಿ ಬೆಂಗಳೂರಿನ ಹೊರವಲಯದ ಮಾಕಳಿಯಲ್ಲಿ ಕಾರ್ಖಾನೆ ಕಟ್ಟಿದ್ದು ಇದೇ ಕಂಪನಿ.

ಹೊರದೇಶಗಳು ಇದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವರಲ್ಲಿ ಇದಕ್ಕಿಂತ ಒಳ್ಳೆಯದು ಏನಾದರೂ ಇತ್ತೇ ಎಂದರೆ ಅದೂ ಇರಲಿಲ್ಲ. 1945ರ ಏಪ್ರಿಲ್ 12ರಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಮೆದುಳಿನ ರಕ್ತಸ್ರಾವದಿಂದ ಸತ್ತಾಗ ಅವರ ರಕ್ತದೊತ್ತಡ 300/190 ಎಂದು ವೈದ್ಯರು ಬರೆದುಕೊಂಡಿದ್ದರು. ಜಗತ್ತಿನ ಅತ್ಯಂತ ಬಲಶಾಲಿ ಮನುಷ್ಯನಿಗೂ ಕೊಡಲು ಸರಿಯಾದ ಮಾತ್ರೆ ಇರಲಿಲ್ಲ. ಉಪ್ಪಿಲ್ಲದ ಅನ್ನ, ವಿಶ್ರಾಂತಿ, ತೀರ ಕೆಟ್ಟ ಪರಿಸ್ಥಿತಿಯಲ್ಲಿ ನರ ಕತ್ತರಿಸುವ ಶಸ್ತ್ರಚಿಕಿತ್ಸೆ, ಇಷ್ಟೇ ಆಗಿನ ದಾರಿಗಳು.

ಮೌನ ಮುರಿದದ್ದು 1949ರಲ್ಲಿ. ಬಾಂಬೆಯ ಕಿಂಗ್ ಎಡ್ವರ್ಡ್ ಸ್ಮಾರಕ ಆಸ್ಪತ್ರೆಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್, ಸರ್ಪಗಂಧಿಯ ಮಾತ್ರೆ ಪಡೆದ 50 ರೋಗಿಗಳ ವಿವರಗಳನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಬಹುಪಾಲು ಜನರಲ್ಲಿ ಒತ್ತಡ ಇಳಿದಿತ್ತು. ವಕೀಲರ ಹೆಚ್ಚುಗಾರಿಕೆ ಹೊಸ ಬೇರು ಹುಡುಕಿದ್ದರಲ್ಲಿಲ್ಲ. ರೋಗಿಗಳನ್ನು ಆರಿಸಿಕೊಂಡು, ಮೊದಲಿನ ಅಂಕಿ, ನಂತರದ ಅಂಕಿ, ಬಂದ ತೊಂದರೆ ಎಲ್ಲವನ್ನೂ ಸಾಲಾಗಿ ಬರೆದು, ನಂಬದವರೂ ಓದುವ ಕಡೆ ಇಟ್ಟದ್ದರಲ್ಲಿದೆ. ಬಾಸ್ಟನ್ನಿನ ರಾಬರ್ಟ್ ವಿಲ್ಕಿನ್ಸ್ ಅದನ್ನು ಓದಿ ಭಾರತದಿಂದ ಔಷಧಿ ತರಿಸಿ ತಮ್ಮ ರೋಗಿಗಳ ಮೇಲೆ ನೋಡಿದರು, ಅಲ್ಲೂ ಇಳಿಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸೀಬಾ ಕಂಪನಿಯ ಮ್ಯುಲರ್, ಶ್ಲಿಟ್ಲರ್ ಮತ್ತು ಬೈನ್ ಬೇರಿನ ಮುಖ್ಯ ಸತ್ವವನ್ನು ಬೇರ್ಪಡಿಸಿ ‘ರೆಸರ್ಪೀನ್’ ಎಂದು ಹೆಸರಿಟ್ಟರು. 1956ರಲ್ಲಿ ಹಾರ್ವರ್ಡ್‌ನ ವುಡ್‌ವರ್ಡ್ ಅದನ್ನು ಗಿಡದ ಹಂಗಿಲ್ಲದೆ ಪ್ರಯೋಗಾಲಯದಲ್ಲೇ ಕಟ್ಟಿ ತೋರಿಸಿದರು. 1957ರಲ್ಲಿ ವಕೀಲರಿಗೆ ಅಮೆರಿಕದ ಲಾಸ್ಕರ್ ಪ್ರಶಸ್ತಿ ಬಂತು.

ಸತ್ವವನ್ನು ಬೇರ್ಪಡಿಸುವ ಅಗತ್ಯವೇನಿತ್ತು, ಬೇರಿನ ಪುಡಿಯೇ ಸಾಲದೇ ಎಂದು ಕೇಳುವವರಿದ್ದಾರೆ. ಒಂದು ಲೆಕ್ಕ ನೋಡೋಣ. ಒಂದು ಕಿಲೋ ಒಣಬೇರಿನಲ್ಲಿ ರೆಸರ್ಪೀನ್ ಇರುವುದು ಸುಮಾರು ಒಂದು ಗ್ರಾಂ, ಎಷ್ಟೋ ಸಲ ಅದಕ್ಕಿಂತ ಕಡಿಮೆ. ದಿನಕ್ಕೆ ಕಾಲು ಮಿಲಿಗ್ರಾಂ ಎಂದು ಹಿಡಿದರೆ ಒಂದು ಗ್ರಾಂ 4000 ದಿನಕ್ಕೆ ಬರುತ್ತದೆ. ಇಷ್ಟು ಸಣ್ಣ ಪ್ರಮಾಣ ದೇಹದ ಮೇಲೆ ಇಷ್ಟು ದೊಡ್ಡ ಕೆಲಸ ಮಾಡುವಾಗ ಎರಡು ಪಾಲು ಜಾಸ್ತಿಯಾದರೂ ಕಷ್ಟ, ಅರ್ಧ ಕಡಿಮೆಯಾದರೂ ಕಷ್ಟ. ಬೇರು ಬೆಳೆದ ಮಣ್ಣು, ಗಿಡದ ವಯಸ್ಸು, ಅಗೆದ ತಿಂಗಳು ಬದಲಾದರೆ ಸತ್ವದ ಪ್ರಮಾಣವೂ ಬದಲಾಗುತ್ತದೆ. ಕೈಯಳತೆಯ ಒಂದು ಚಿಟಿಕೆ ಪುಡಿ ಇವತ್ತು ಹೆಚ್ಚು, ನಾಳೆ ಕಮ್ಮಿ.

ಬೇರು ಅದೇ ಹೌದೋ ಎಂಬ ಪ್ರಶ್ನೆಯೂ ಉಂಟು. ಸರ್ಪಗಂಧಿ ಪಶ್ಚಿಮ ಘಟ್ಟದಂಥ ತೇವದ ಕಾಡಿನ ನೆರಳಿನ ಗಿಡ, ಎರೆಭೂಮಿಯ ನಮ್ಮ ಬಯಲಿನದಲ್ಲ. ಬಯಲುಸೀಮೆಯ ಹೊಲದ ಬದುಗಳಲ್ಲಿ ಅದರ ದಾಯಾದಿಯೊಂದು ಬೆಳೆಯುತ್ತದೆ. ಅಮೆರಿಕ ಖಂಡದಿಂದ ಬಂದು ಇಲ್ಲಿ ನೆಲೆಯೂರಿದ ಆ ಗಿಡವನ್ನು ದೊಡ್ಡಚಂದ್ರಿಕೆ ಎನ್ನುತ್ತಾರೆ. ಅದರ ಬೇರನ್ನು ಸರ್ಪಗಂಧಿ ಎಂದು ಮಾರುವುದು, ಸರ್ಪಗಂಧಿಯ ಜೊತೆ ಬೆರೆಸುವುದು ಹಳೆಯ ವಾಡಿಕೆ. ಅದರಲ್ಲೂ ಇದೇ ಜಾತಿಯ ಸತ್ವಗಳಿವೆ, ಪ್ರಮಾಣ ಮಾತ್ರ ಬೇರೆ. ಗಂಟು ಕಟ್ಟಿ ಮಾರುವ ಬೇರಿನ ಮೇಲೆ ಅದು ಯಾವ ಗಿಡದ್ದು ಎಂದು ಬರೆದಿರುವುದಿಲ್ಲ.

ರೆಸರ್ಪೀನ್ ಹೇಗೆ ಕೆಲಸ ಮಾಡುತ್ತದೆ ಎಂಬುದು ತಿಳಿದಾಗ ಹಳೆಯ ‘ಪಾಗಲ್ ಕೀ ದವಾ’ ಎಂಬ ಹೆಸರಿನ ಗುಟ್ಟೂ ಬಿಚ್ಚಿಕೊಂಡಿತು. ನರಗಳ ತುದಿಯಲ್ಲಿ ಸಣ್ಣ ಸಣ್ಣ ಚೀಲಗಳಿವೆ. ನಾರ್‌ಅಡ್ರಿನಲಿನ್, ಡೋಪಮಿನ್, ಸೆರಟೋನಿನ್ ಎಂಬ ಸಂದೇಶವಾಹಕಗಳು ಅವುಗಳಲ್ಲಿ ತುಂಬಿರುತ್ತವೆ. ರೆಸರ್ಪೀನ್ ಆ ಚೀಲಗಳು ತುಂಬದಂತೆ ತಡೆಯುತ್ತದೆ. ರಕ್ತನಾಳವನ್ನು ಬಿಗಿಹಿಡಿಯುವ ಸಂದೇಶ ಕಡಿಮೆಯಾಗಿ ಒತ್ತಡ ಇಳಿಯುತ್ತದೆ. ಮೆದುಳಿನಲ್ಲೂ ಅದೇ ನಡೆದು ರೇಗಾಟ ತಣ್ಣಗಾಗುತ್ತದೆ. ಎರಡೂ ಒಂದೇ ಕೆಲಸದ ಎರಡು ಫಲ. ಹಳ್ಳಿಯ ವೈದ್ಯ ಒಂದನ್ನು ಕಂಡಿದ್ದ, ತೋಳಿನ ಪಟ್ಟಿ ಇನ್ನೊಂದನ್ನು ತೋರಿಸಿತು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ ರೆಸರ್ಪೀನ್ ಕೊಟ್ಟು ಜಡವಾದ ಮೊಲಗಳಿಗೆ ಎಲ್-ಡೋಪಾ ಕೊಟ್ಟು ಅವು ಮತ್ತೆ ಚುರುಕಾದದ್ದನ್ನು ಕಂಡರು. ಪಾರ್ಕಿನ್ಸನ್ ಕಾಯಿಲೆಯ ಚಿಕಿತ್ಸೆಗೆ ದಾರಿ ತೆರೆದದ್ದು ಆ ಕೆಲಸ. 2000ದಲ್ಲಿ ಅವರಿಗೆ ನೊಬೆಲ್ ಬಂತು.

ಆದರೆ ಅಂಕಿ ಇಳಿದರೆ ಸಾಕೇ? ಒತ್ತಡ ಇಳಿಸುವುದರಿಂದ ಮನುಷ್ಯ ಹೆಚ್ಚು ದಿನ ಬದುಕುತ್ತಾನೆಯೇ ಎಂಬುದು ಆಗಿನ್ನೂ ಯಾರಿಗೂ ಖಚಿತವಿರಲಿಲ್ಲ. ವಯಸ್ಸಾದಂತೆ ಒತ್ತಡ ಏರುವುದು ಸಹಜ, ಅದನ್ನು ಇಳಿಸಲು ಹೋಗಬಾರದು ಎನ್ನುವ ದೊಡ್ಡ ವೈದ್ಯರೇ ಇದ್ದರು. ಇದಕ್ಕೆ ಉತ್ತರ ಕೊಟ್ಟದ್ದು ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಎಡ್ವರ್ಡ್ ಫ್ರೈಸ್ ನಡೆಸಿದ ಪರೀಕ್ಷೆ. ಕೆಳಗಿನ ಅಂಕಿ 115ರಿಂದ 129ರ ನಡುವೆ ಇದ್ದ 143 ಗಂಡಸರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. 73 ಜನರಿಗೆ ಮೂರು ಔಷಧಿಗಳ ಜೋಡಿ, ಅದರಲ್ಲೊಂದು ರೆಸರ್ಪೀನ್. ಉಳಿದ 70 ಜನರಿಗೆ ನೋಡಲು ಹಾಗೇ ಇರುವ, ಒಳಗೆ ಏನೂ ಇಲ್ಲದ ಹುಸಿ ಮಾತ್ರೆ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ನೋಡುವ ವೈದ್ಯರಿಗೂ ಗೊತ್ತಿಲ್ಲ. 1967ರಲ್ಲಿ ಫಲಿತಾಂಶ ಬಂತು. ಹುಸಿ ಮಾತ್ರೆಯವರಲ್ಲಿ 27 ಜನರಿಗೆ ಗಂಭೀರ ಅನಾಹುತವಾಗಿತ್ತು, ಔಷಧಿಯವರಲ್ಲಿ ಇಬ್ಬರಿಗೆ ಮಾತ್ರ. ವ್ಯತ್ಯಾಸ ಎಷ್ಟು ಢಾಳಾಗಿತ್ತೆಂದರೆ ಪರೀಕ್ಷೆಯನ್ನು ಅವಧಿಗೆ ಮೊದಲೇ ನಿಲ್ಲಿಸಿದರು.

ಹುಸಿ ಮಾತ್ರೆ ಏಕೆ ಬೇಕು ಎಂಬುದನ್ನು ನಮ್ಮ ಅನುಭವದಿಂದಲೇ ತಿಳಿಯಬಹುದು. ಆಸ್ಪತ್ರೆಗೆ ಓಡಿ ಬಂದು ಕೂತವರ ಒತ್ತಡ ಮೊದಲ ಸಲ ಹೆಚ್ಚು ತೋರಿಸುತ್ತದೆ. ಹದಿನೈದು ದಿನ ಬಿಟ್ಟು ಬಂದರೆ, ಏನೂ ತಿನ್ನದಿದ್ದರೂ, ಅಂಕಿ ಕೆಳಗಿರಬಹುದು. ನಡುವೆ ಯಾರಾದರೂ ಒಂದು ಸೊಪ್ಪಿನ ರಸ ಕೊಟ್ಟಿದ್ದರೆ ಆ ಇಳಿತವೆಲ್ಲ ಸೊಪ್ಪಿನ ಲೆಕ್ಕಕ್ಕೆ ಹೋಗುತ್ತದೆ. ಕೊಟ್ಟವರು ಸುಳ್ಳು ಹೇಳಿಲ್ಲ, ಕುಡಿದವರೂ ಹೇಳಿಲ್ಲ. ಹೋಲಿಸಿ ನೋಡಲು ಕುಡಿಯದವರ ಗುಂಪೊಂದು ಎದುರಿಗಿರಲಿಲ್ಲ, ಅಷ್ಟೇ.

ಸರ್ಪಗಂಧಿಯ ಕೆಡುಕೂ ಬಯಲಿಗೆ ಬಂತು. ಹೆಚ್ಚಿನ ಪ್ರಮಾಣ ತೆಗೆದುಕೊಂಡ ಕೆಲವರಲ್ಲಿ ಖಿನ್ನತೆ ಕಂಡಿತು. ಮೂಗು ಕಟ್ಟುವುದು, ಹೊಟ್ಟೆಯಲ್ಲಿ ಆಮ್ಲ ಹೆಚ್ಚುವುದು ಸಾಮಾನ್ಯವಾಗಿತ್ತು. 1974ರಲ್ಲಿ ಮೂರು ಅಧ್ಯಯನಗಳು ಸ್ತನ ಕ್ಯಾನ್ಸರಿನ ಜೊತೆ ಇದಕ್ಕೆ ನಂಟಿದೆ ಎಂದವು. ನಂತರದವು ಅಷ್ಟು ಬಲವಾದ ನಂಟನ್ನು ಕಾಣಲಿಲ್ಲ, ಅಷ್ಟರಲ್ಲಿ ಹೆದರಿಕೆ ಹರಡಿಯಾಗಿತ್ತು. ಇನ್ನೂ ಹಗುರಾದ ಮಾತ್ರೆಗಳು ಬಂದವು, ರೆಸರ್ಪೀನ್ ಹಿಂದೆ ಸರಿಯಿತು. ಕಾಡಿನ ಗಿಡವೂ ಬೆಲೆ ತೆತ್ತಿತು. ಬೇರಿಗಾಗಿ ಕೀಳುವಾಗ ಗಿಡವೇ ಹೋಗುತ್ತದೆ. ಕಿತ್ತು ಕಿತ್ತು ಅಪರೂಪವಾದ ಸರ್ಪಗಂಧಿಯನ್ನು 1990ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಗೆ ಸೇರಿಸಬೇಕಾಯಿತು. 1990ರ ದಶಕದಲ್ಲಿ ಬೆಂಗಳೂರಿನ ಎಫ್.ಆರ್.ಎಲ್.ಎಚ್.ಟಿ. ಸಂಸ್ಥೆ ಮತ್ತು ಕರ್ನಾಟಕ ಅರಣ್ಯ ಇಲಾಖೆ ಕೂಡಿ, ಸಂಡೂರು ಸೇರಿದಂತೆ ರಾಜ್ಯದ ಹಲವೆಡೆ ಔಷಧಿ ಸಸ್ಯಗಳಿಗೆಂದೇ ಕಾಡಿನ ತುಂಡುಗಳನ್ನು ಕಾದಿರಿಸಿದವು.

ಪರೀಕ್ಷೆಗೆ ಕೂತ ಬೇರುಗಳೆಲ್ಲ ಇದೇ ದಾರಿ ಹಿಡಿಯಲಿಲ್ಲ. ಮಕಂದಿ ಬೇರನ್ನೇ ನೋಡಿ. ಕರ್ನಾಟಕ, ಗುಜರಾತಿನ ಕಡೆ ಉಪ್ಪಿನಕಾಯಿಗೆ ಹಾಕುವ ಗೆಡ್ಡೆ ಇದು, ಪರಿಮಳದ ಮಾಗಳಿ ಬೇರು ಬೇರೆ. 1970ರ ದಶಕದಲ್ಲಿ ಮುಂಬಯಿಯ ಹೆಕ್ಸ್ಟ್ ಸಂಶೋಧನಾ ಕೇಂದ್ರವೂ ಲಖನೌದ ಕೇಂದ್ರೀಯ ಔಷಧಿ ಸಂಶೋಧನಾ ಸಂಸ್ಥೆಯೂ ಇದರಲ್ಲಿ ಒತ್ತಡ ಇಳಿಸುವ ಸತ್ವವನ್ನು ಕಂಡವು. ಅದೇ ಫೋರ್ಸ್ಕೋಲಿನ್. ಅದು ಬಿ.ಪಿ. ಮಾತ್ರೆಯಾಗಿ ನಿಲ್ಲಲಿಲ್ಲ. ಜೀವಕೋಶದೊಳಗಿನ ಸಂದೇಶಗಳನ್ನು ಅಭ್ಯಾಸ ಮಾಡುವವರಿಗೆ ಮಾತ್ರ ಜಗತ್ತಿನಾದ್ಯಂತ ಬೇಕಾದ ಉಪಕರಣವಾಯಿತು. ಜಪಾನಿನಲ್ಲಿ ಅದರ ಮಾರ್ಪಡಿಸಿದ ರೂಪವೊಂದು ಹೃದಯ ವೈಫಲ್ಯಕ್ಕೆ ಬಂತು.

ಇನ್ನು ನಮ್ಮ ರೊಟ್ಟಿಯ ಜೊತೆಯ ಪುಂಡಿ. 2010ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಡಯೇನ್ ಮೆಕೇ ಮತ್ತು ಸಂಗಡಿಗರು 65 ಜನರ ಮೇಲೆ ಕೆಂಪು ಪುಂಡಿಯ ಚಹಾವನ್ನು ಪರೀಕ್ಷಿಸಿದರು. ದಿನಕ್ಕೆ ಮೂರು ಲೋಟ, ಆರು ವಾರ. ಮೇಲಿನ ಅಂಕಿ ಸರಾಸರಿ 7.2ರಷ್ಟು ಇಳಿಯಿತು, ಹುಸಿ ಪಾನೀಯದವರಲ್ಲಿ 1.3. ಇದನ್ನು ಓದಿ ಪುಂಡಿಪಲ್ಯೆ ತಿಂದರೆ ಬಿ.ಪಿ. ಹೋಗುತ್ತದೆ ಎಂದು ಹೇಳುವವರು ಹೊರಡುತ್ತಾರೆ. ಆ ಪರೀಕ್ಷೆ ನಡೆದದ್ದು ಹೂವಿನ ಬುಡದ ಕೆಂಪು ಪುಷ್ಪಪಾತ್ರೆಯ ಮೇಲೆ, ನಾವು ಪಲ್ಯೆ ಮಾಡುವುದು ಸೊಪ್ಪನ್ನು. ಪಾಲ್ಗೊಂಡವರ ಒತ್ತಡ ಸ್ವಲ್ಪ ಮಾತ್ರ ಏರಿತ್ತು, ಅವರು ಯಾರೂ ಒತ್ತಡದ ಮಾತ್ರೆ ಬಿಟ್ಟು ಚಹಾಕ್ಕೆ ಬಂದವರಲ್ಲ. ನೋಡಿದ್ದು ಆರು ವಾರ, ಬಿ.ಪಿ. ಇರುವುದು ಜೀವಮಾನವಿಡೀ. ಪುಂಡಿಪಲ್ಯೆ ಉಣ್ಣಲು ಇದ್ಯಾವುದೂ ಅಡ್ಡಿಯಲ್ಲ. ಮಾತ್ರೆ ಬಿಡಲು ಮಾತ್ರ ಇದು ಆಧಾರವಾಗಲಾರದು.

ಮಾತ್ರೆ ಬಿಟ್ಟವರಿಗೆ ಮರುದಿನವೇ ಏನೂ ಆಗುವುದಿಲ್ಲ ಎಂಬುದೇ ಈ ಕಾಯಿಲೆಯ ಮೋಸ. ತಿಂಗಳುಗಟ್ಟಲೆ ಚೆನ್ನಾಗಿದ್ದು, ಒಂದು ಬೆಳಿಗ್ಗೆ ಬಾಯಿ ಓರೆಯಾಗಿ, ಕೈ ಎತ್ತಲಾರದೆ ಬೀಳುತ್ತಾರೆ. ಫ್ರೈಸ್ ಎಣಿಸಿದ 27 ಜನ ಔಷಧಿ ಇಲ್ಲದೆ ಗಂಭೀರ ಅನಾಹುತಕ್ಕೆ ಸಿಕ್ಕವರು. ಆ ಎಣಿಕೆಯಲ್ಲಿ ಇನ್ನೊಂದು ಬದಿಗೆ ಉಳಿದುಕೊಂಡವರನ್ನು ಉಳಿಸಿದ್ದರಲ್ಲಿ ನಮ್ಮ ಕಾಡಿನ ಬೇರಿನ ಪಾಲೂ ಇತ್ತು. ಬಿಹಾರದ ಹಳ್ಳಿಯವರು ಅದನ್ನು ಕಾಪಾಡಿಕೊಂಡು ಬಂದಿದ್ದರು, ಹಕೀಮನೊಬ್ಬ ಅದನ್ನು ಒರೆಗೆ ಹಚ್ಚಲು ಆಸೆಪಟ್ಟ, ಕವಿರಾಜನೊಬ್ಬ ಅದರ ಎದುರು ತೋಳಿನ ಪಟ್ಟಿ ಕಟ್ಟಿದ. ಪರೀಕ್ಷೆ ಅಂದರೆ ಪರಂಪರೆಗೆ ಅವಮಾನ ಎಂದು ಇವರ್ಯಾರೂ ತಿಳಿಯಲಿಲ್ಲ. ನಾಳೆ ಯಾರಾದರೂ ಬಿ.ಪಿ.ಗೆ ಒಂದು ಬೇರು ಹೇಳಿದರೆ ನಗಬೇಕಾಗಿಲ್ಲ, ನಂಬಿ ಅರೆದು ಕುಡಿಯಬೇಕಾಗಿಯೂ ಇಲ್ಲ. ಯಾವ ಗಿಡ, ಯಾವ ಭಾಗ, ಎಷ್ಟು, ಎಷ್ಟು ದಿನ, ಯಾರಿಗೆ ಹೋಲಿಸಿ ನೋಡಿದ್ದು ಎಂದು ಕೇಳಬಹುದು. ಗಣನಾಥ ಸೇನರು ಇದ್ದಿದ್ದರೆ ಅವರೂ ಅದನ್ನೇ ಕೇಳುತ್ತಿದ್ದರು.